ಇದೆ ಅಂದರೆ ಇದೆ

ಅಪ್ಪನ ಬಾಯಿಂದ ಬಂದ ಕೊನೆಯ ಮಾತು ಎರಡೇ ಅಕ್ಷರದ್ದು. "ಇದೆ." ಅದನ್ನೂ ಇರುವ ಒಬ್ಬಳೇ ಮಗಳಾದ ನನಗೆ ಹೇಳಲಿಲ್ಲ, ಅಂಚೆಯಣ್ಣನಿಗೆ ಹೇಳಿದರು. ಹಾಗಂತ ಅಪ್ಪ ಹೋಗಿಬಿಟ್ಟರು ಅಂದುಕೊಳ್ಳಬೇಡಿ. ಇದ್ದಾರೆ. ಮಾತ್ರೆ ಕೊಟ್ಟರೆ ಮುಖ ಸಿಂಡರಿಸುತ್ತಾರೆ, ದಿಂಬು ಸರಿಯಿಲ್ಲದಿದ್ದರೆ ನನ್ನನ್ನು ದುರುಗುಟ್ಟಿಕೊಂಡು ನೋಡುತ್ತಾರೆ. ಮಾತು ಮಾತ್ರ ಆ ಸೋಮವಾರ ಸಂಜೆ, ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಲಕ್ವ ಹೊಡೆದು, ಬಲಗೈಯನ್ನೂ ಜೊತೆಗೆ ಕರೆದುಕೊಂಡು ಹೊರಟುಹೋಯಿತು.

ಅಂಚೆಯಣ್ಣ ಎಂದರೆ ಮೂವತ್ತು ವರ್ಷ ನಮ್ಮ ಬೀದಿಗೆ ಕಾಗದ ಹಂಚಿ ನಿವೃತ್ತರಾದವರು. ಹಳೆಯ ಮೋಟಾರ್ ಸೈಕಲ್ಲುಗಳ ಬಿಡಿಭಾಗ ಕೂಡಿಟ್ಟು ಕೊಡುತ್ತಿದ್ದ ಅಪ್ಪನ ಶೆಡ್ಡಿಗೆ ಕಡಲಾಚೆಯಿಂದ ಬರುತ್ತಿದ್ದ ಪಾರ್ಸೆಲ್ಲುಗಳನ್ನು ಹೊತ್ತು ಹೊತ್ತು ಅವರಿಗೂ ಅಪ್ಪನ ಹುಚ್ಚು ಅಂಟಿಕೊಂಡಿತು. ನಿವೃತ್ತಿಯಾದ ತಿಂಗಳೇ, ಯಾರದೋ ಹಿತ್ತಲಿನಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದ ಒಂದು ಹಳೆಯ ಬ್ರಿಟಿಷ್ ಮೋಟಾರ್ ಸೈಕಲ್ಲನ್ನು ತಳ್ಳಿಕೊಂಡು ಬಂದರು. ಐದು ವರ್ಷ ಅದನ್ನು ಬಿಚ್ಚಿದರು, ಉಜ್ಜಿದರು, ಜೋಡಿಸಿದರು. ಇಂಜಿನ್ನಿಗೆ ಜೀವ ಬಂತು, ಗೇರು ಮಾತ್ರ ಬೀಳಲೊಲ್ಲದು. ಗೇರ್‌ಬಾಕ್ಸಿನ ಒಳಗೆ ಅಂಗೈಯಗಲದ, ಅರ್ಧಚಂದ್ರದಂಥ ಒಂದು ಉಕ್ಕಿನ ಪಟ್ಟಿ ಇರುತ್ತದಂತೆ. ಯಾವ ಗೇರು ಯಾವಾಗ ಕೂರಬೇಕೆಂದು ದಾರಿ ತೋರಿಸುವುದು ಅದೇ. ಅವರ ಗಾಡಿಯಲ್ಲಿ ಅದು ಎರಡು ತುಂಡಾಗಿತ್ತು. ಆ ಬಗೆಯ ಗೇರ್‌ಬಾಕ್ಸು ತಯಾರಾದದ್ದು ಎರಡೇ ವರ್ಷ, ಅದೂ ನನ್ನ ಅಪ್ಪ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದ ಕಾಲದಲ್ಲಿ.

ಆ ಸೋಮವಾರ ಮಧ್ಯಾಹ್ನ ಅಂಚೆಯಣ್ಣ ಮುರಿದ ತುಂಡುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಶೆಡ್ಡಿಗೆ ಹೋದರು. "ಯಜಮಾನ್ರೇ, ಇದು ಈ ಜನ್ಮದಲ್ಲಿ ಸಿಗುತ್ತಾ?" ಎಂದು ಕೇಳಿದರು. ಅಪ್ಪ ತುಂಡುಗಳನ್ನು ತಿರುಗಿಸಿ ನೋಡಿದರು, ಹೆಬ್ಬೆರಳಲ್ಲಿ ಸವರಿದರು, "ಇದೆ" ಎಂದರು. "ನಾಳೆ ಬರ್ಲಾ?" ಎಂದದ್ದಕ್ಕೆ ತಲೆಯಾಡಿಸಿದರು. ನಾಳೆ ಬಂದಾಗ ಅಪ್ಪ ಆಸ್ಪತ್ರೆಯಲ್ಲಿದ್ದರು.

ಬೇರೆ ಯಾರಾದರೂ "ಇದೆ" ಅಂದಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅಂಗಡಿಯವರೆಲ್ಲ ಇದೆ ಅಂತಲೇ ಅನ್ನುತ್ತಾರೆ. ಅಪ್ಪನ ಬಳಿ ಇದ್ದದ್ದು ಮೂರು ಉತ್ತರ. "ಇಲ್ಲ" ಅಂದರೆ ಇಲ್ಲ, ಕಾಲು ಹಿಡಿದರೂ ಇಲ್ಲ. "ನೋಡೋಣ" ಅಂದರೆ ನಾಳೆಯೂ ಆಗಬಹುದು, ನಾಲ್ಕು ವರ್ಷವೂ ಆಗಬಹುದು, ಆದರೆ ಅಪ್ಪ ಮರೆಯುವುದಿಲ್ಲ. "ಇದೆ" ಅಂದರೆ ಇದೆ. ಶೆಡ್ಡಿನಲ್ಲಿದೆ, ಯಾವ ಡಬ್ಬಿಯಲ್ಲಿದೆ ಎಂದು ಅವರಿಗೆ ಗೊತ್ತಿದೆ, ಬಂದು ತೆಗೆದುಕೊಂಡು ಹೋಗು ಎಂದು ಅರ್ಥ. ಐವತ್ತು ವರ್ಷದಲ್ಲಿ ಆ ಮಾತು ಒಮ್ಮೆಯೂ ಸುಳ್ಳಾಗಿರಲಿಲ್ಲ.

ಆ "ನೋಡೋಣ"ಗಳ ಕಥೆ ಹೇಳತೊಡಗಿದರೆ ಮುಗಿಯುವುದಿಲ್ಲ. ಒಬ್ಬ ಹಲ್ಲಿನ ಡಾಕ್ಟರಿಗೆ ತಮ್ಮ ಗಾಡಿಯ ಹೆಡ್‌ಲೈಟಿನ ಸುತ್ತಲಿನ ಬಳೆ ಬೇಕಿತ್ತು. ಅಪ್ಪ ಅದನ್ನು ಎಲ್ಲೋ ನೋಡಿದ್ದೆ, ನೋಡಿದ್ದೆ ಎಂದು ಒಂದು ವರ್ಷ ಗೊಣಗಿದರು. ಕೊನೆಗೆ ಅದು ಸಿಕ್ಕಿದ್ದು ಬಸ್ ನಿಲ್ದಾಣದ ಹಿಂದಿನ ಕ್ಷೌರದ ಅಂಗಡಿಯಲ್ಲಿ, ದುಂಡು ಕನ್ನಡಿಯ ಚೌಕಟ್ಟಾಗಿ. ಕ್ಷೌರಿಕ ಕೊಡಲೊಲ್ಲ. ಅಪ್ಪ ಬಿಡಲೊಲ್ಲರು. ತಲೆಯಲ್ಲಿ ಕೂದಲಿರಲಿ ಬಿಡಲಿ, ವಾರಕ್ಕೊಮ್ಮೆ ಹೋಗಿ ಆ ಕುರ್ಚಿಯಲ್ಲಿ ಕೂತು ಬಂದರು. ಮೂರನೇ ತಿಂಗಳು ಬೋಳುತಲೆಯಲ್ಲಿ, ಕಂಕುಳಲ್ಲಿ ಬಳೆ ಇಟ್ಟುಕೊಂಡು ಮನೆಗೆ ಬಂದಾಗ ಅಮ್ಮ, "ತಲೆ ಕೊಟ್ಟು ಬಳೆ ತಂದ್ರಾ?" ಎಂದಳು. ಅಪ್ಪನ ಮುಖದಲ್ಲಿ ಅಂದು ಇದ್ದ ಸಂತೋಷ ನನ್ನ ಮದುವೆಯ ದಿನವೂ ಇರಲಿಲ್ಲ.

ಇನ್ನೊಂದು ಸಲ ಹಿಟ್ಟಿನ ಗಿರಣಿಯ ಮುಂದೆ ಹಾದುಹೋಗುತ್ತಿದ್ದವರು ಗಕ್ಕನೆ ನಿಂತರು. ಗಿರಣಿಯ ಸದ್ದು ಕೇಳಿಯೇ ಅದರೊಳಗೆ ಯಾವುದೋ ಬ್ರಿಟಿಷ್ ಗಾಡಿಯ ಹಲ್ಲುಚಕ್ರ ಸೇರಿಕೊಂಡಿದೆ ಎಂದರು. ಬಿಚ್ಚಿ ನೋಡಿದರೆ ನಿಜ. ಬೋಲ್ಟನ್ನು ಕೈಗೆ ಕೊಟ್ಟರೆ ಥ್ರೆಡ್ಡಿನ ಮೇಲೆ ಉಗುರು ಓಡಿಸಿ, ಇದು ಇಂಚಿಗೆ ಇಪ್ಪತ್ತಾರು ಸುತ್ತು, ಇದು ಇಂಚಿಗೆ ಇಪ್ಪತ್ತು ಎನ್ನುತ್ತಿದ್ದರು. ನಾನು ಬಟ್ಟೆ ಹೊಲಿಯುವವಳು, ಅಳತೆಯ ವಿಷಯದಲ್ಲಿ ಯಾರನ್ನೂ ನಂಬುವವಳಲ್ಲ. ಒಮ್ಮೆ ಟೇಪು ಹಿಡಿದು, ಭೂತಕನ್ನಡಿ ಇಟ್ಟು, ಸೂಜಿಯ ಮೊನೆಯಲ್ಲಿ ಎಣಿಸಿದೆ. ಇಪ್ಪತ್ತಾರೇ ಇತ್ತು. ಅಪ್ಪ ನನ್ನ ಕೈಯಿಂದ ಬೋಲ್ಟು ತೆಗೆದುಕೊಂಡು ಚಹಾ ಕುಡಿಯಲು ಹೋದರು.

ಅವರಿಗೂ ಅಂಥದೇ ಒಂದು ಬ್ರಿಟಿಷ್ ಗಾಡಿಯಿತ್ತು. ನಾನು ನಾಲ್ಕೈದು ವರ್ಷದವಳಿದ್ದಾಗ ಅದರ ಟ್ಯಾಂಕಿನ ಮೇಲೆ ಕೂತು ಬೀದಿ ಸುತ್ತಿದ ನೆನಪಿದೆ. ಆಮೇಲೆ ಯಾರಿಗೋ ಅರ್ಜೆಂಟಾಗಿ ಕಾರ್ಬುರೇಟರ್ ಬೇಕಾಯಿತು. "ಪಾಪ, ಅವನ ಗಾಡಿ ದಾರೀಲಿ ನಿಂತಿದೆ, ನಂದು ಹೇಗೂ ಮನೇಲಿದೆಯಲ್ಲ" ಎಂದು ತಮ್ಮದನ್ನು ಬಿಚ್ಚಿಕೊಟ್ಟರು. ಇನ್ಯಾರಿಗೋ ಮುಂದಿನ ಚಕ್ರ. ಮತ್ಯಾರಿಗೋ ಟ್ಯಾಂಕು. ಊರವರ ಗಾಡಿಗಳೆಲ್ಲ ಓಡಿದವು, ನಮ್ಮದು ಗೋಡೆಗೊರಗಿ ದಿನದಿನಕ್ಕೆ ಸವೆಯಿತು. ನನಗೆ ಹನ್ನೆರಡು ತುಂಬುವ ಹೊತ್ತಿಗೆ ಉಳಿದದ್ದು ಸೀಟು ಒಂದೇ. ಅದನ್ನು ಒಂದು ಕಬ್ಬಿಣದ ಕೊಳವೆಗೆ ಬೆಸೆದು, ಶೆಡ್ಡಿನ ನಟ್ಟನಡುವೆ ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದರು. ಸ್ಟೂಲು ಬೇಕಿದ್ದರೆ ಒಂದು ತರಬಾರದಿತ್ತೇ, ಅಲ್ಲಾಡಿಸಲಿಕ್ಕೂ ಬಾರದ ಇದೇನು ಅವತಾರ ಎಂದು ಅಮ್ಮ ಬೈದಳು. ನಾನೂ ಅಮ್ಮನ ಕಡೆಯೇ. ಅಪ್ಪನ ಶೆಡ್ಡೆಂದರೆ ನನಗೆ ಅಂದಿನಿಂದ ಮೈಯೆಲ್ಲ ಉರಿ.

ಈಗ ಆ ಶೆಡ್ಡಿನ ಮಾಲೀಕರು ತಿಂಗಳ ಕೊನೆಗೆ ಖಾಲಿ ಮಾಡಿ ಎಂದಿದ್ದರು. ಅವರದೇನೂ ತಪ್ಪಿಲ್ಲ, ಒಂದು ವರ್ಷದಿಂದ ಹೇಳುತ್ತಿದ್ದರು, ಅಪ್ಪ "ನೋಡೋಣ" ಎನ್ನುತ್ತಿದ್ದರು. ಎರಡು ವಾರದ ನಂತರ ಅಪ್ಪ ಆಸ್ಪತ್ರೆಯಿಂದ ಬಂದು ಮಂಚ ಹಿಡಿದ ಮೇಲೆ ನಾನು ಗುಜರಿಯವನಿಗೆ ಫೋನು ಮಾಡಿದೆ. ಶನಿವಾರ ಹನ್ನೊಂದು ಗಂಟೆಗೆ ಲಾರಿ ತಂದು, ಇದ್ದದ್ದೆಲ್ಲ ತೂಕಕ್ಕೆ ಒಯ್ಯುತ್ತೇನೆಂದ. ಅಂಚೆಯಣ್ಣ ಅದನ್ನು ಕೇಳಿ ಬಿಳಿಚಿಕೊಂಡರು.

"ತಂಗಿ, ನನ್ನ ಪಟ್ಟಿ ಅದರಲ್ಲೇ ಇದೆಯಲ್ಲಮ್ಮ."

"ಎಲ್ಲಿದೆ ಅಂತ ಹೇಳಿ, ಈಗಲೇ ತೆಕ್ಕೊಡ್ತೀನಿ."

"ನನಗೇನು ಗೊತ್ತು. ಇದೆ ಅಂದಿದ್ದಾರೆ."

"ಹಾಗಾದ್ರೆ ಹುಡ್ಕಿ. ಶನಿವಾರದವರೆಗೆ ಟೈಮಿದೆ."

ಒರಟಾಗಿಯೇ ಹೇಳಿದೆ. ಹೇಳಿದ ಮೇಲೆ ನನಗೂ ಒಳಗೊಳಗೇ ಕಸಿವಿಸಿಯಾಯಿತು. ಅಪ್ಪ ಐವತ್ತು ವರ್ಷ ಕಾಪಾಡಿಕೊಂಡು ಬಂದ ಒಂದು ಮಾತು ನನ್ನ ಕೈಯಲ್ಲಿ ಸುಳ್ಳಾಗಿ, ತೂಕಕ್ಕೆ ಹೋಗುತ್ತದಲ್ಲ ಎನಿಸಿತು. ಅದಕ್ಕೇ ಹೊಲಿಗೆ ಬದಿಗಿಟ್ಟು ಅವರ ಜೊತೆ ನಾನೂ ಶೆಡ್ಡಿಗೆ ಹೋದೆ.

ಹದಿನಾರು ಅಡಿ ಉದ್ದ, ಹತ್ತು ಅಡಿ ಅಗಲ. ನೆಲದಿಂದ ಸೂರಿನವರೆಗೆ ಹಲಗೆ, ಹಲಗೆಯ ತುಂಬ ಡಬ್ಬಿ. ಬಿಸ್ಕತ್ತಿನ ಡಬ್ಬಿ, ಹಾಲಿನ ಪುಡಿಯ ಡಬ್ಬಿ, ಶಾಯಿ ಬಾಟಲಿ, ಹಳೆಯ ಟ್ರಂಕು. ಯಾವುದರ ಮೇಲೂ ಒಂದಕ್ಷರ ಬರೆದಿಲ್ಲ. ಹಿಂದೊಮ್ಮೆ ನಾನು ಚೀಟಿ ಅಂಟಿಸಿಕೊಡುತ್ತೇನೆಂದಿದ್ದೆ. "ಚೀಟಿ ಅಂಟಿಸಿದ್ರೆ ಕಣ್ಣು ಚೀಟಿ ನೋಡುತ್ತೆ, ಸಾಮಾನು ನೋಡಲ್ಲ" ಎಂದಿದ್ದರು ಅಪ್ಪ. ಪುಸ್ತಕವಿಲ್ಲ, ಲೆಕ್ಕವಿಲ್ಲ. ಎಲ್ಲ ಇದ್ದದ್ದು ಅವರ ತಲೆಯಲ್ಲಿ, ಆ ತಲೆಗೆ ಈಗ ಬೀಗ ಬಿದ್ದಿತ್ತು.

ಬಾಗಿಲ ಪಕ್ಕದಿಂದ ಶುರು ಮಾಡಿ ಒಂದೊಂದೇ ಡಬ್ಬಿ ಸುರಿದು ನೋಡಿದೆವು. ಕೆಲಸ ಓಡಲಿಲ್ಲ, ಯಾಕೆಂದರೆ ಅಂಚೆಯಣ್ಣ ಪ್ರತಿ ಡಬ್ಬಿಗೂ ಮರುಳಾಗುತ್ತಿದ್ದರು. "ಇದು ನೋಡಮ್ಮ, ಇದನ್ನ ಜನ ಬರೀ ಪಟದಲ್ಲಿ ನೋಡಿರ್ತಾರೆ" ಎನ್ನುವರು. "ಇದು ಇದ್ರೆ ನಾಲ್ಕು ಗಾಡಿ ಎದ್ದು ನಿಲ್ತವೆ" ಎನ್ನುವರು. ಒಂದು ಪುಟ್ಟ ಹಿತ್ತಾಳೆಯ ಮುಚ್ಚಳವನ್ನು ಅಂಗಿಯ ಅಂಚಿನಲ್ಲಿ ಒರೆಸಿ ಒರೆಸಿ ಕಾಲುಗಂಟೆ ಕಳೆದರು. ಎರಡು ದಿನದಲ್ಲಿ ಒಂದು ಮೂಲೆಯೂ ಮುಗಿಯಲಿಲ್ಲ. ಗುಡ್ಡ ಅಗೆದು ಇಲಿ ಹಿಡಿದರು ಅನ್ನುತ್ತಾರಲ್ಲ, ನಮಗೆ ಇಲಿಯೂ ಸಿಗಲಿಲ್ಲ.

ಸಂಜೆ ಮನೆಗೆ ಬಂದು ಅಪ್ಪನ ಪಕ್ಕ ಕೂತು ವರದಿ ಒಪ್ಪಿಸುತ್ತಿದ್ದೆ. ಅವರಿಗೆ ಎಷ್ಟು ತಿಳಿಯುತ್ತದೋ ಗೊತ್ತಿರಲಿಲ್ಲ. ಹೌದು, ಅಲ್ಲ ಎರಡಕ್ಕೂ ಒಂದೇ ಥರ ತಲೆಯಾಡಿಸುತ್ತಿದ್ದರು. ಎಡಗೈಗೆ ಪೆನ್ಸಿಲು ಕೊಟ್ಟರೆ ಒಂದು ಸೊನ್ನೆ ಎಳೆದು, ಸಾಕಾಗಿ, ಪೆನ್ಸಿಲನ್ನು ಕೆಳಗೆ ಬಿಡುತ್ತಿದ್ದರು. ಆದರೆ ನಾನು, "ಅಂಚೆಯಣ್ಣ ಇವತ್ತೂ ಬಂದಿದ್ರು, ಪಟ್ಟಿ ಸಿಗ್ಲಿಲ್ಲ, ಶನಿವಾರ ಲಾರಿ ಬರುತ್ತೆ" ಎಂದ ಕೂಡಲೇ ಹೊದಿಕೆಯ ಕೆಳಗೆ ಅವರ ಬಲಪಾದ ಏಳುತ್ತಿತ್ತು. ಒಮ್ಮೆ ಮೇಲೆ ಎತ್ತುವರು, ಸ್ವಲ್ಪ ತಡೆಯುವರು, ಆಮೇಲೆ ಕೆಳಕ್ಕೆ ಒತ್ತುವರು, ಮತ್ತೆ ಒತ್ತುವರು. ವ್ಯಾಯಾಮ ಮಾಡಿಸಲು ಬರುವವರು ನೋಡಿ, "ಒಳ್ಳೇದಾಯ್ತು, ಕಾಲಿಗೆ ಜೀವ ಬರ್ತಿದೆ" ಎಂದು ಖುಷಿಪಟ್ಟರು.

ನನಗೆ ಖುಷಿಯಾಗಲಿಲ್ಲ. ಹೊಲಿದ ಯೂನಿಫಾರಂ ಮೂಟೆ ಕಟ್ಟಿಕೊಂಡು ಇಪ್ಪತ್ತು ವರ್ಷ ಬೈಕು ಓಡಿಸಿದವಳು ನಾನು. ಬಲಗಾಲು ಒತ್ತಿದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದು ಬ್ರೇಕು. ನಿಲ್ಲಿಸು, ಮಾರಬೇಡ ಎನ್ನುತ್ತಿದ್ದಾರೆ. ನಾಲಿಗೆ ಬಿದ್ದುಹೋದರೂ ಬೈಯುವುದನ್ನು ಬಿಟ್ಟಿಲ್ಲವಲ್ಲ ಎಂದು ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹಗಲೆಲ್ಲ ಅವರ ಧೂಳು ಕುಡಿದು ಬಂದಿದ್ದೆ, ಸೊಂಟ ಬಿದ್ದುಹೋಗಿತ್ತು.

"ಎಷ್ಟು ಬ್ರೇಕು ಒತ್ತಿದ್ರೂ ಇದು ನಿಲ್ಲಲ್ಲ ಅಪ್ಪ" ಎಂದೆ. ಮೂಲೆಯಲ್ಲಿದ್ದ ಭಾರದ ದಿಂಬನ್ನು ತಂದು ಆ ಪಾದದ ಮೇಲೆ ಇಟ್ಟೆ. ಪಾದ ಎರಡು ಸಲ ಮಿಸುಕಿ ಸುಮ್ಮನಾಯಿತು. ಅಪ್ಪ ಮುಖವನ್ನು ಗೋಡೆಗೆ ತಿರುಗಿಸಿದರು.

ಶುಕ್ರವಾರ ಅಂಚೆಯಣ್ಣ ಪಿಂಚಣಿಯ ಕೆಲಸಕ್ಕೆ ಬೇರೆ ಊರಿಗೆ ಹೋಗಬೇಕಾಗಿತ್ತು. ನಾನೊಬ್ಬಳೇ ಶೆಡ್ಡಿಗೆ ಹೋದೆ. ಮಧ್ಯಾಹ್ನದವರೆಗೆ ಡಬ್ಬಿ ಸುರಿದು ಸುರಿದು ಕೈ ಕಪ್ಪಾದದ್ದೇ ಲಾಭ. ನೀರು ಕುಡಿಯೋಣವೆಂದು ಆ ಸೀಟಿನ ಮೇಲೆ ಹತ್ತಿ ಕೂತೆ. ಅದರ ಮೇಲೆ ನಾನು ಕೂತದ್ದು ಅದೇ ಮೊದಲು. ಬಾಗಿಲ ಕಡೆಗೆ ಮುಖ, ಎರಡೂ ಕಾಲು ಎರಡು ಕಡೆಗೆ.

ಬಾಟಲಿ ಎತ್ತಿ ಕುಡಿಯುವಾಗ ಕಣ್ಣು ಬಾಗಿಲ ಮೇಲಕ್ಕೆ ಹೋಯಿತು. ಅಲ್ಲಿ ಹಲಗೆಯ ತುಂಬ ಹೆಡ್‌ಲೈಟಿನ ಗಾಜು. ಬಾಗಿಲ ಎಡಕ್ಕೂ ಬಲಕ್ಕೂ, ಕೈ ಚಾಚಿದರೆ ಸಿಗುವಷ್ಟು ಎತ್ತರದಲ್ಲಿ, ಹ್ಯಾಂಡಲಿನ ಹಿಡಿಗಳು, ತೂಗುಬಿಟ್ಟ ಕೇಬಲ್ಲುಗಳು. ಬಾಗಿಲ ಬುಡದಲ್ಲಿ ಕಡ್ಡಿಗಳು, ಚಕ್ರದ ಬಳೆಗಳು. ನನ್ನ ಹೊಟ್ಟೆಗೆ ತಾಗುವಂತಿದ್ದ ಮೇಜಿನ ಮೇಲೆ ಟ್ಯಾಂಕಿನ ಮುಚ್ಚಳಗಳು, ಮೊಣಕಾಲಿಗೆ ಆನಿಸುವ ರಬ್ಬರುಗಳು. ಮೇಜಿನ ಕೆಳಗೆ, ನನ್ನ ಎರಡು ಮಂಡಿಗಳ ನಡುವೆ, ಪಿಸ್ಟನ್ನು, ವಾಲ್ವು. ತಿರುಗಿ ಬೆನ್ನ ಹಿಂದೆ ನೋಡಿದೆ. ಹಿಂದಿನ ಮಡ್‌ಗಾರ್ಡು, ಕೆಂಪು ದೀಪದ ಗಾಜು, ನಂಬರ್ ಪ್ಲೇಟಿನ ಚೌಕಟ್ಟು.

ಅಪ್ಪ ಶೆಡ್ಡಿನಲ್ಲಿ ಸಾಮಾನು ಇಟ್ಟಿರಲಿಲ್ಲ. ಊರವರಿಗೆಲ್ಲ ಬಿಚ್ಚಿಕೊಟ್ಟ ತಮ್ಮ ಗಾಡಿಯನ್ನು ಹದಿನಾರಡಿ ಉದ್ದಕ್ಕೆ ಮತ್ತೆ ಕಟ್ಟಿ, ಅದರ ಮೇಲೆ ದಿನಾ ಸವಾರಿ ಕೂರುತ್ತಿದ್ದರು. ಯಾರು ಏನು ಕೇಳಿದರೂ ಒಂದು ಗಳಿಗೆ ಕಣ್ಣು ಮುಚ್ಚಿದರೆ ಸಾಕು, ಗಾಡಿಯಲ್ಲಿ ಅದು ಎಲ್ಲಿರುತ್ತದೋ ಗೋಡೆಯಲ್ಲೂ ಅಲ್ಲೇ. ನಾನೂ ಬಟ್ಟೆ ಕತ್ತರಿಸಿದ ಮೇಲೆ ತೋಳು, ಕಾಲರು, ಜೇಬನ್ನೆಲ್ಲ ಅಂಗಿಯ ಆಕಾರದಲ್ಲೇ ಮೇಜಿನ ಮೇಲೆ ಹರಡಿಟ್ಟುಕೊಳ್ಳುವವಳು. ಕೆಲಸ ಕಲಿಸಿದ ಟೈಲರಮ್ಮ ಹೇಳಿಕೊಟ್ಟದ್ದಲ್ಲ ಅದು. ಈ ಬುದ್ಧಿ ನನಗೆ ಎಲ್ಲಿಂದ ಬಂತೆಂದು ತಿಳಿಯಲು ನಲವತ್ತೆಂಟು ವರ್ಷ ಬೇಕಾಯಿತು. ನಿಜ ಹೇಳಬೇಕೆಂದರೆ, ನನಗೆ ನನ್ನ ಅಪ್ಪನ ಮೇಲೆ ಆ ಹೊತ್ತು ಬಂದಷ್ಟು ಅಭಿಮಾನ ಅದಕ್ಕೆ ಮೊದಲು ಎಂದೂ ಬಂದಿರಲಿಲ್ಲ.

ಇನ್ನೇನು, ಗೇರು ಎಡಗಾಲಿಗೆ. ಎಡಕ್ಕೆ ಬಗ್ಗಿದೆ. ನನ್ನ ಪಾದದ ಮಟ್ಟದಲ್ಲಿ ನಾಲ್ಕು ಅಂತಸ್ತಿನ ಒಂದು ಪುಟ್ಟ ಹಲಗೆಗೂಡು. ಅದರಲ್ಲಿ ಕಂಬಿಗಳು, ಸ್ಪ್ರಿಂಗುಗಳು, ಮತ್ತು ಎರಡನೇ ಅಂತಸ್ತಿನಲ್ಲಿ, ಎಣ್ಣೆಬಟ್ಟೆಯಲ್ಲಿ ಸುತ್ತಿದ, ಅಂಗೈಯಗಲದ ಒಂದು ಅರ್ಧಚಂದ್ರ. ಅದನ್ನು ಕೈಚೀಲಕ್ಕೆ ಹಾಕಿಕೊಂಡು, ಶೆಡ್ಡಿಗೆ ಬೀಗ ಹಾಕಿ, ಲೋಕ ಗೆದ್ದವಳಂತೆ ಮನೆಗೆ ಬಂದೆ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಅಂಚೆಯಣ್ಣ ಊರಿಂದ ನೇರ ನಮ್ಮ ಮನೆಗೇ ಬಂದರು. ಅಪ್ಪನ ಮಂಚದ ಪಕ್ಕದಲ್ಲೇ ಕೂರಿಸಿದೆ. ಅಪ್ಪನ ಮುಂದೆಯೇ ಕೊಡಬೇಕೆಂದು ನನಗೆ ಆಸೆ. ಚೀಲದಿಂದ ತೆಗೆದು ಅವರ ಕೈಯಲ್ಲಿಟ್ಟೆ.

"ತಗೊಳ್ಳಿ. ಇದೆ ಅಂದ್ರೆ ಇದೆ."

ಅಂಚೆಯಣ್ಣ ಬಟ್ಟೆ ಬಿಚ್ಚಿದರು. ಮುಖ ಅರಳಲಿಲ್ಲ.

"ತಂಗಿ, ಇದು ಬ್ರೇಕ್ ಶೂ ಅಮ್ಮ. ಗೇರಿನ ಪಟ್ಟಿ ಅಲ್ಲ."

"ಹಾಗಂದ್ರೆ ಹೇಗೆ? ಅಪ್ಪ ಶೆಡ್ಡನ್ನ ಗಾಡಿ ಥರಾನೇ ಜೋಡ್ಸಿದ್ದಾರೆ, ನಾನು ಸೀಟಿನ ಮೇಲೆ ಕೂತು ನೋಡ್ದೆ. ಎಡಗಾಲಿನ ಹತ್ರ ಸಿಕ್ಕಿದ್ದು ಇದು. ಬ್ರೇಕು ಎಡಗಡೆ ಯಾಕಿರುತ್ತೆ?"

ಅವರು ಉತ್ತರ ಕೊಡಲು ಬಾಯಿ ತೆರೆದರು. ಅಷ್ಟರಲ್ಲಿ ನಮ್ಮ ಮಾತು ಕೇಳಿಸಿಕೊಂಡ ಅಪ್ಪನ ಪಾದ ದಿಂಬಿನ ಕೆಳಗೆ ಒದ್ದಾಡಿತು. ಅಂಚೆಯಣ್ಣನ ಕಣ್ಣು ಅತ್ತ ಹೋಯಿತು. ಎದ್ದು ಹೋಗಿ ದಿಂಬನ್ನು ಅವರೇ ಎತ್ತಿಟ್ಟರು. ಪಾದ ಒಮ್ಮೆ ಮೇಲೆದ್ದಿತು, ತಡೆಯಿತು, ಕೆಳಕ್ಕೆ ಒತ್ತಿತು, ಮತ್ತೆ ಒತ್ತಿತು.

"ಯಾವಾಗಿಂದ ಹೀಗೆ ಗೇರು ಹಾಕ್ತಿದ್ದಾರೆ?" ಎಂದರು ಅಂಚೆಯಣ್ಣ.

"ಗೇರಲ್ಲ, ಅದು ಬ್ರೇಕು. ಮಾರಬೇಡ ಅಂತ."

"ಅಯ್ಯೋ ತಂಗಿ. ಹಳೇ ಬ್ರಿಟಿಷ್ ಗಾಡೀಲಿ ಎಲ್ಲ ಉಲ್ಟಾ ಅಮ್ಮ. ಬ್ರೇಕು ಎಡಕ್ಕೆ, ಗೇರು ಬಲಕ್ಕೆ. ಹುಡುಕೋ ಬಳ್ಳಿ ಕಾಲಿಗೆ ತೊಡರಿದೆ, ನಾವು ಊರೆಲ್ಲ ಹುಡುಕ್ತಿದೀವಿ."

ನಾನು ಆ ಗಾಡಿಯ ಟ್ಯಾಂಕಿನ ಮೇಲೆ ಕೂತು ಬೀದಿ ಸುತ್ತಿದವಳು. ಕೆಳಗೆ ಅಪ್ಪನ ಕಾಲು ಏನು ಮಾಡುತ್ತಿತ್ತೆಂದು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ. ಅವರು ನನಗೆ ನಿಲ್ಲಿಸು ಅಂದಿರಲೇ ಇಲ್ಲ. ಬೈದಿರಲೂ ಇಲ್ಲ. ಕೊಟ್ಟ ಮಾತು ಉಳಿಸಲು, ಹೇಳಿದಂತೆ ಕೇಳುತ್ತಿದ್ದ ಒಂದೇ ಅಂಗದಿಂದ, ಇಲ್ಲಿದೆ ನೋಡು, ಇಲ್ಲಿದೆ ನೋಡು ಎಂದು ದಿನಾ ಹೇಳುತ್ತಿದ್ದರು. ನಾನು ಅದರ ಮೇಲೆ ದಿಂಬು ಹೇರಿದ್ದೆ. ಎಂಥ ಪಾಪಿ ನಾನು ಎನಿಸಿತು.

"ಅಳೋಕೆ ಆಮೇಲೆ ಟೈಮಿದೆ" ಎಂದರು ಅಂಚೆಯಣ್ಣ. "ಲಾರಿ ಎಷ್ಟೊತ್ತಿಗೆ?"

ಅವರನ್ನು ಹಿಂದೆ ಕೂರಿಸಿಕೊಂಡು ಬೈಕು ಓಡಿಸಿದೆ. ಸಿಗ್ನಲ್ಲಿನಲ್ಲಿ ಬಲಗಾಲು ಒತ್ತುವಾಗಲೆಲ್ಲ ಆ ದಿಂಬು ಕಣ್ಣ ಮುಂದೆ ಬರುತ್ತಿತ್ತು. ಹನ್ನೊಂದಕ್ಕೆ ಬರಬೇಕಿದ್ದ ಲಾರಿ ಶೆಡ್ಡಿನ ಮುಂದೆ ಆಗಲೇ ನಿಂತಿತ್ತು. ಹೆಚ್ಚುವರಿ ಕೀಲಿಕೈಯನ್ನು ಮಾಲೀಕರಿಂದ ಇಸಿದುಕೊಂಡು ಗುಜರಿಯವನು ಬಾಗಿಲು ತೆಗೆಸಿದ್ದ. ಅವನ ಇಬ್ಬರು ಆಳುಗಳು ಹಿಂದಿನ ಗೋಡೆಯ ಮಡ್‌ಗಾರ್ಡುಗಳನ್ನು ಹೊರಗೆ ರಾಶಿ ಹಾಕಿದ್ದರು. ಒಬ್ಬ ಗೋಣಿಚೀಲ ಬಿಡಿಸಿಕೊಂಡು ಸೀಟಿನ ಬಲಬದಿಗೆ ಬಗ್ಗಿದ್ದ.

"ಮುಟ್ಬೇಡಪ್ಪ ಅದನ್ನ" ಎಂದೆ. ನನ್ನ ದನಿಗೆ ಅವನು ಚೀಲ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದ.

ಸೀಟಿನ ಮೇಲೆ ಕೂತೆ. ಬಲಗಾಲನ್ನು ಚಾಚಿದರೆ ತಾಗುವಲ್ಲಿ, ಎಡಗಡೆ ಇದ್ದಂಥದ್ದೇ ನಾಲ್ಕು ಅಂತಸ್ತಿನ ಗೂಡು. ಆದರೆ ಇದರಲ್ಲಿ ಒಂದು ಅಂತಸ್ತು ಮೇಲೆ, ನಡುವೆ ಬರೀ ಖಾಲಿ, ಉಳಿದ ಮೂರು ಕೆಳಗೆ. ನಾನು ಕಣ್ಣು ಮುಚ್ಚಿ ಅಪ್ಪನ ಪಾದ ಮಾಡಿದಂತೆಯೇ ಮಾಡಿದೆ. ಒಮ್ಮೆ ಎತ್ತಿದೆ.

"ಮೇಲೆತ್ತಿದ್ರೆ ಒಂದನೇ ಗೇರು" ಎಂದರು ಅಂಚೆಯಣ್ಣ, ಪಕ್ಕದಲ್ಲಿ ಮೊಣಕಾಲೂರಿ.

ಒತ್ತಿದೆ. "ಎರಡು" ಎಂದರು. ಮತ್ತೆ ಒತ್ತಿದೆ. "ಮೂರು."

ಮೇಲಿನಿಂದ ಮೂರನೇ ಅಂತಸ್ತಿಗೆ ಅಂಚೆಯಣ್ಣ ಕೈ ಹಾಕಿದರು. ಹೊರಗೆ ಬಂದದ್ದು ಪಾರ್ಸೆಲ್ಲಿನ ದಪ್ಪ ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿದ ಒಂದು ಗಂಟು. ದಾರ ಬಿಚ್ಚುವ ಮೊದಲೇ ಅವರು ಬಟ್ಟೆಯ ಮೂಲೆಯನ್ನು ಬೆಳಕಿಗೆ ಹಿಡಿದು ನೋಡುತ್ತ ಕೂತುಬಿಟ್ಟರು. ಅಲ್ಲಿ ನೀಲಿ ಪೆನ್ಸಿಲಿನಲ್ಲಿ ಗೀಚಿದ ಒಂದು ಸಣ್ಣ ರುಜು ಇತ್ತು.

"ಇದು ನನ್ನದೇ ರುಜು" ಎಂದರು. "ಹದಿನಾಲ್ಕು ವರ್ಷದ ಹಿಂದೆ ನಾನೇ ಹೊತ್ಕೊಂಡು ಬಂದು ಕೊಟ್ಟಿದ್ದು. ಏನಿದೆ ಅಂತ ಕೇಳಿರ್ಲೂ ಇಲ್ಲ ನಾನು."

ಒಳಗೆ ಪಟ್ಟಿಯಿತ್ತು. ಅರ್ಧಚಂದ್ರ, ಅದರ ಮೈಯಲ್ಲಿ ಹಾವಿನಂತೆ ಹೊರಳಿದ ಎರಡು ಸೀಳು, ತುಕ್ಕಿನ ಒಂದು ಚುಕ್ಕೆಯಿಲ್ಲ. ಅಂಚೆಯಣ್ಣ ಜೇಬಿನಿಂದ ಮುರಿದ ತುಂಡುಗಳನ್ನು ತೆಗೆದು ಅದರ ಮೇಲಿಟ್ಟರು. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಆ ಮನುಷ್ಯ ಅಲ್ಲೇ ನೆಲದ ಮೇಲೆ ಕೂತು ಕಣ್ಣೊರೆಸಿಕೊಂಡರು.

ಗುಜರಿಯವನಿಗೆ ಇದೇನೂ ಅರ್ಥವಾಗಲಿಲ್ಲ. "ಅಕ್ಕ, ಬೇಕಾದ್ದು ಸಿಕ್ತಲ್ಲ, ಇನ್ನು ತುಂಬ್ಕೊಳ್ಲಾ?" ಎಂದ.

"ಇಲ್ಲಪ್ಪ, ಕೊಡಲ್ಲ. ನಿನ್ನ ಕರೆಸಿದ್ದು ನನ್ನ ತಪ್ಪು. ಆ ಮಡ್‌ಗಾರ್ಡುಗಳನ್ನ ಎಲ್ಲಿದ್ವೋ ಅಲ್ಲೇ ಇಡ್ಸು."

"ಬರೀ ತುಕ್ಕು ಅಕ್ಕ ಇದು. ಇಟ್ಕೊಂಡು ಏನ್ ಮಾಡ್ತೀರ?"

"ತುಕ್ಕಲ್ಲ, ಗಾಡಿ. ಬಿಚ್ಚಿ ಮಾರಲ್ಲ."

ಅವನು ಶೆಡ್ಡಿನ ಸುತ್ತ ಕಣ್ಣಾಡಿಸಿದ. "ಎಲ್ಲಿದೆ ಗಾಡಿ?"

"ನಾನು ಕೂತಿಲ್ವಾ?" ಎಂದೆ.

ಅವನು ಅಂಚೆಯಣ್ಣನ ಮುಖ ನೋಡಿದ, ಅವರು ಗಂಭೀರವಾಗಿ ತಲೆಯಾಡಿಸಿದರು. ಈ ಮನೆತನಕ್ಕೇ ಏನೋ ಆಗಿದೆ ಎಂದುಕೊಂಡನೋ ಏನೋ, ಆಳುಗಳನ್ನು ಕರೆದುಕೊಂಡು ಲಾರಿ ಹತ್ತಿದ. ನಾನು ಕೈಚೀಲದಿಂದ ಟೇಪು ಮತ್ತು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದೆ. ಸೀಟಿನಿಂದ ಬಾಗಿಲಿಗೆ ಎಷ್ಟು, ಬಲಗೋಡೆಗೆ ಎಷ್ಟು, ಯಾವ ಗೂಡು ಎಷ್ಟು ಎತ್ತರ ಎಂದು ಅಳೆದು ಬರೆದುಕೊಂಡೆವು. ನಮ್ಮ ಮನೆಯ ಕೆಳಗಿನ ಕೋಣೆಯಲ್ಲಿ ನನ್ನ ಹೊಲಿಗೆ ಯಂತ್ರಗಳಿವೆ. ಅವು ಮಹಡಿ ಹತ್ತಲಿ. ಕೆಳಗಿನ ಕೋಣೆ ಹದಿನೇಳು ಅಡಿ ಉದ್ದವಿದೆ, ಅಪ್ಪನ ಗಾಡಿ ಹಿಡಿಸುತ್ತದೆ. ಡಬ್ಬಿಗಳಿಗೆ ಚೀಟಿ ಅಂಟಿಸಲೇ ಎಂದು ಅಂಚೆಯಣ್ಣ ಕೇಳಿದಾಗ ಬೇಡ ಎಂದೆ.

ಮಧ್ಯಾಹ್ನ ಇಬ್ಬರೂ ಮನೆಗೆ ಬಂದೆವು. ಅಪ್ಪ ಎಚ್ಚರವಾಗಿದ್ದರು. ಅಂಚೆಯಣ್ಣ ಪಟ್ಟಿಯನ್ನು ಅವರ ಎಡಗೈಯಲ್ಲಿಟ್ಟು ಬೆರಳುಗಳನ್ನು ಮಡಿಸಿದರು. ಹೆಬ್ಬೆರಳು ಆ ಸೀಳುಗಳ ಉದ್ದಕ್ಕೂ ನಿಧಾನವಾಗಿ ಹೋಯಿತು, ಹಿಂದೆ ಬಂತು. ಅಪ್ಪ ಅಂಚೆಯಣ್ಣನ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

ನಾನು ಮಂಚದ ಬುಡದಲ್ಲಿ ಕೂತು ಅವರ ಬಲಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಅದು ನನ್ನ ಅಂಗೈಯಲ್ಲಿ ಅಲ್ಲಾಡಿತು. ಈ ಸಲ ಒತ್ತಲಿಲ್ಲ. ಒಮ್ಮೆ ಪೂರ್ತಿ ಮೇಲೆದ್ದಿತು, ಇನ್ನೊಮ್ಮೆ ಅರ್ಧ ಎದ್ದು, ಅಲ್ಲೇ ತಡೆದು, ಮೆಲ್ಲಗೆ ಇಳಿದು ಸುಮ್ಮನಾಯಿತು.

"ಇದೇನು?" ಎಂದು ಅಂಚೆಯಣ್ಣನನ್ನು ಕೇಳಿದೆ.

"ಮೂರರಿಂದ ಎರಡಕ್ಕೆ ಬಂದು ನ್ಯೂಟ್ರಲ್ ಹಾಕಿದ್ರು" ಎಂದರು. "ಮನೆ ಮುಟ್ಟಿದ ಮೇಲೆ ಹಾಕೋದು."

ಅಂಚೆಯಣ್ಣ ಪಟ್ಟಿ ತೆಗೆದುಕೊಂಡು ಹೊರಟುಹೋದ ಮೇಲೂ ನಾನು ಆ ಪಾದ ಬಿಡಲಿಲ್ಲ. ದಿಂಬಿನ ಅಂಚು ಒತ್ತಿದ ಗೆರೆ ಅದರ ಮೇಲೆ ಇನ್ನೂ ತೆಳ್ಳಗೆ ಕಾಣುತ್ತಿತ್ತು. ಹೆಬ್ಬೆರಳಲ್ಲಿ ಅದನ್ನು ತಿಕ್ಕುತ್ತ, "ಅಪ್ಪ, ನನ್ನ ಮೇಲೆ ಸಿಟ್ಟಿದೆಯಾ?" ಎಂದು ಕೇಳಿದೆ.

ಪಾದ ಎತ್ತಲೂ ಇಲ್ಲ, ಒತ್ತಲೂ ಇಲ್ಲ. ನನ್ನ ಕೈಯಲ್ಲಿ ಬೆಚ್ಚಗೆ, ಸುಮ್ಮನೆ ಇತ್ತು. ನನ್ನ ಅಪ್ಪ "ಇಲ್ಲ" ಅಂದರೆ ಇಲ್ಲ.